ತಾರೆ ಮರದ ಹೊಟ್ಟೆಯೊಳಗೆ

ಯಾವ ಮರ ಎಷ್ಟು ಇಂಗಾಲ ಕೂಡಿಟ್ಟಿದೆ ಎಂದು ನೋಡಲು ಅಳತೆಯ ಟೇಪು ಕಾಡಿಗೆ ಬಂದಿತು. ಮುದಿ ತಾರೆ ಮರದ ಸೊಂಟವನ್ನು ಒಂದು ಸುತ್ತು ಸುತ್ತಿ, "ನಿಮ್ಮಷ್ಟು ಕೂಡಿಟ್ಟವರು ಇಲ್ಲಿ ಇನ್ನೊಬ್ಬರಿಲ್ಲ" ಎಂದಿತು.

ಮರ ಉಬ್ಬಿಹೋಯಿತು. "ಹಾಗಾದರೆ ನನ್ನ ಬುಡದಲ್ಲಿರುವ ಈ ಧೂಪ, ನೇರಳೆ, ರಾಮಪತ್ರೆ ಸಸಿಗಳನ್ನೆಲ್ಲ ಕೀಳಿಸಿಬಿಡು. ಕಾಡಿಗೆ ನಾನೊಬ್ಬನೇ ಸಾಕು."

"ಅರಣ್ಯದವರಿಗೆ ಹಾಗೆಯೇ ಹೇಳುತ್ತೇನೆ" ಎಂದು ಟೇಪು ಮುಂದಿನ ಮರಕ್ಕೆ ಹೋಯಿತು.

ಆಗ ತಾರೆ ಮರದ ಪೊಟರೆಯಿಂದ ಒಂದು ಕೊಕ್ಕು ಹೊರಬಂದಿತು. ಕೊಕ್ಕಿನಷ್ಟೇ ಸಂದು ಬಿಟ್ಟು ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಒಳಗೆ ಕಾವು ಕೂತಿದ್ದ ಮಂಗಟ್ಟೆ ಹಕ್ಕಿಯ ಕೊಕ್ಕು ಅದು.

"ಯಜಮಾನರೇ, ನಿಮ್ಮ ಹೊಟ್ಟೆಯಲ್ಲಿರುವುದು ನಾನು, ನನ್ನ ಎರಡು ಮೊಟ್ಟೆ. ಉಳಿದದ್ದು ಬರೀ ಗಾಳಿ. ಟೇಪನ್ನು ಕರೆದು ಹೇಳಲೇ?"

"ತಾಯೀ, ಸ್ವಲ್ಪ ಮೆಲ್ಲಗೆ ಮಾತಾಡು."

"ಹಿಂದಿನ ವರ್ಷಗಳಲ್ಲಿ ನನ್ನ ಗಂಡ ನನಗೆ ಇಲ್ಲಿಗೇ ತಂದುಕೊಟ್ಟ ಹಣ್ಣುಗಳ ಬೀಜದಿಂದ ಹುಟ್ಟಿದವು ಆ ಸಸಿಗಳು. ನಿಮ್ಮೊಳಗೆ ಇಲ್ಲದ್ದನ್ನು ನಾಳೆ ತುಂಬಿಕೊಡುವವು ಅವೇ."

ಮರ ಗಂಟಲು ಸರಿಮಾಡಿಕೊಂಡು ಟೇಪನ್ನು ಕೂಗಿತು. "ಸಸಿಗಳು ಇರಲಿ ಬಿಡಪ್ಪ. ಅವೂ ನನ್ನ ಮಕ್ಕಳಿದ್ದ ಹಾಗೆ."

ಟೇಪು ತಲೆದೂಗಿ, "ಒಳಗೆ ಅಷ್ಟು ತುಂಬಿಕೊಂಡವರ ಮನಸ್ಸೂ ದೊಡ್ಡದೇ" ಎಂದಿತು.

ಕೊಕ್ಕು ಮೆಲ್ಲಗೆ ಒಳಗೆ ಸರಿಯಿತು.