ಕಲ್ಲಿಲ್ಲದ ಕವಣೆ

ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟವನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು, ಅಂಥ ಕಾಲ. ಹೊಳೆಗೆ ಜುಳುಜುಳು ಇತ್ತು, ಕಪ್ಪೆಗೆ ವಟವಟ ಇತ್ತು, ಸೊಳ್ಳೆಯಂಥ ಸೊಳ್ಳೆಗೂ ಗುಂಯ್ ಅನ್ನುವ ದನಿ ಇತ್ತು. ಗಾಳಿಗೆ ಮಾತ್ರ ಏನೂ ಇರಲಿಲ್ಲ.

ಅದರ ತಾಯಿ ಆಕಾಶವ್ವ ಬಲು ಶಿಸ್ತಿನವಳು. "ಗಿರಗಿರ ಸುತ್ತಬ್ಯಾಡ, ಅದು ಪೋಲಿಗಳ ನಡಿಗಿ. ನೆಟ್ಟಗ ಹೋಗು, ನೆಟ್ಟಗ ಬಾ" ಅಂತ ದಿನಾ ಹೇಳುತ್ತಿದ್ದಳು. ಪಾಪ, ಗಾಳಿ ಹಾಗೇ ನಡೆಯುತ್ತಿತ್ತು. ಗಿಡ ಕಂಡರೆ ದೂರ, ಗುಡಿಸಲು ಕಂಡರೆ ಇನ್ನೂ ದೂರ. ಬಂದದ್ದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ.

ಆ ಕಾಲದಲ್ಲೇ ಹೊನ್ನವ್ವ ಅನ್ನುವ ಮುದುಕಿ ಎರೆಹೊಲದಲ್ಲಿ ಜೋಳ ಬೆಳೆದಳು. ಲೋಕದಲ್ಲಿ ಇದ್ದದ್ದು ಅದೊಂದೇ ಜೋಳದ ಹೊಲ. ಅದು ಹೋದರೆ ಮತ್ತೆ ಬಿತ್ತಲಿಕ್ಕೆ ಒಂದು ಕಾಳೂ ಇಲ್ಲ. ರೊಟ್ಟಿ ಅನ್ನುವುದು ಹುಟ್ಟುವ ಮೊದಲೇ ಮುಗಿದುಹೋಗುತ್ತಿತ್ತು, ತಿಳೀತೇನು?

ತೆನೆ ಹಾಲುಗಟ್ಟಿತು, ಗಿಳಿಗಳು ಬಂದವು. ಹೊನ್ನವ್ವ ನಾಲ್ಕು ಗೂಟದ ಅಟ್ಟಣಿಗೆ ಹತ್ತಿ ನಿಂತು "ಹೋ... ಹೋ..." ಅಂತ ಕೂಗಿದಳು, ಕವಣೆಯಲ್ಲಿ ಕಲ್ಲಿಟ್ಟು ಬೀಸಿದಳು. ಎಂಟು ದಿನ ಕೂಗಿದಳು, ಎಂಟು ದಿನ ಬೀಸಿದಳು. ಒಂಬತ್ತನೆಯ ದಿನ ಗಂಟಲು ಕಟ್ಟಿತು. ಕಲ್ಲೂ ಮುಗಿದವು. ಎರೆಮಣ್ಣಿನಲ್ಲಿ ಕಲ್ಲು ಎಲ್ಲಿಂದ ಬರಬೇಕು?

ಗಿಳಿಗಳ ಹಿರಿಯ ಅಟ್ಟಣಿಗೆಯ ಗೂಟದ ಮೇಲೇ ಬಂದು ಕೂತ. "ಮುದುಕಿ ಕತಿ ಮುಗೀತು. ಎಲ್ಲಾರೂ ಬರ್ರಿ, ಹೊಟ್ಟಿ ತುಂಬ ಉಣ್ಣೋಣು" ಅಂದ. ಹಿಂಡಿಗೆ ಹಿಂಡೇ ಇಳಿಯಿತು. ಹೊನ್ನವ್ವನ ಕಣ್ಣಲ್ಲಿ ನೀರು ಬಂತು.

ಗಾಳಿ ದೂರದಿಂದ ನೋಡಿತು. ಮೊದಲ ಸಲ ಒಬ್ಬರ ಹತ್ತಿರ ಬಂದು ನಿಂತಿತು. ಇಬ್ಬರಿಗೂ ದನಿ ಇರಲಿಲ್ಲವಲ್ಲ, ಬರೀ ಉಸಿರಲ್ಲೇ ಮಾತಾಡಿಕೊಂಡರು.

"ಯವ್ವಾ, ನಾ ಓಡಿಸ್ಲೇನು?"

"ನೀ ಬಂದದ್ದs ಯಾರಿಗೂ ಗೊತ್ತಾಗೂದಿಲ್ಲ. ನಿನಗ ಯಾರು ಹೆದರ್ತಾರ ತಮ್ಮಾ?"

ಹೊನ್ನವ್ವನಿಗೆ ಸಿಟ್ಟು ಬಂತು. ಗಿಳಿಗಳ ಮೇಲೆ ಸಿಟ್ಟು, ಗಂಟಲಿನ ಮೇಲೆ ಸಿಟ್ಟು. ಖಾಲಿ ಕವಣೆಯನ್ನೇ ತಲೆಯ ಮೇಲೆ ಗಿರ್ರನೆ ಬೀಸಿದಳು. ಕವಣೆಯ ಹುರಿ ಗಾಳಿಯ ಮೈಯೊಳಗೇ ಹಾದುಹೋಯಿತು.

ಗಾಳಿ ನೆಟ್ಟಗೆ ನಿಲ್ಲಲು ನೋಡಿತು. ಆಗಲಿಲ್ಲ. ಹುರಿಯ ಈ ಪಕ್ಕ ಒಂದು ಸುಳಿ ಸುತ್ತಿತು, ಆ ಪಕ್ಕ ಒಂದು ಸುಳಿ ಸುತ್ತಿತು. ಈ ಪಕ್ಕ, ಆ ಪಕ್ಕ, ಈ ಪಕ್ಕ, ಆ ಪಕ್ಕ.

"ಬಿಡವ್ವಾ, ನಾ ಸುತ್ತಾಕತ್ತೀನಿ! ನಮ್ಮವ್ವ ಬೈತಾಳ."

"ಬೈಸ್ಕೊ. ಬೆಳಿ ಉಳಿದ್ರ ರೊಟ್ಟಿ ಕೊಡ್ತೀನಿ" ಅಂದಳು ಹೊನ್ನವ್ವ. ಇನ್ನೂ ಜೋರಾಗಿ ಬೀಸಿದಳು.

ರೊಂಯ್ಯ್ಯ್!

ಗಿಳಿಗಳ ಕೊಕ್ಕಿನಿಂದ ಕಾಳು ಉದುರಿತು. ಗಾಳಿಯೂ ಬೆಚ್ಚಿಬಿತ್ತು. "ಯಾರು ಕೂಗಿದವರು?"

"ನೀನs ತಮ್ಮಾ" ಅಂದಳು ಹೊನ್ನವ್ವ.

ಗಾಳಿ ಈಗ ತಾನಾಗಿಯೇ ಸುತ್ತಿತು. ಆಕೆ ಜೋರಾಗಿ ಬೀಸಿದಷ್ಟೂ ದನಿ ಮೇಲಕ್ಕೇರಿತು. ರೊಂಯ್ ಹೋಗಿ ಸುಂಯ್ ಆಯಿತು. ಹಿಂಡೆಲ್ಲ ಒಮ್ಮೆಗೇ ಎದ್ದು, ಹಿರಿಯನನ್ನೂ ಹಿಂದೆ ಬಿಟ್ಟು, ಹೊಳೆ ದಾಟಿ ಓಡಿತು.

ಗಾಳಿಗೆ ನೆಲವೇ ಸಾಲಲಿಲ್ಲ. ಬಿದಿರಿನ ತೂತಿಗೆ ಹೋಗಿ ಸುತ್ತಿತು, ಹಾಡಿತು. ಗುಡಿಸಲಿನ ಸಂದಿಗೆ ಹೋಗಿ ಸುತ್ತಿತು, ಸಿಳ್ಳೆ ಹಾಕಿತು. ಮೇಲಿನಿಂದ ಆಕಾಶವ್ವ ಬಗ್ಗಿ ನೋಡಿದಳು. "ಅಷ್ಟು ಚಂದ ಹಾಡೂದು ನನ್ನ ಕೂಸೇನು?" ಅಂದಳು. ಸುತ್ತಬೇಡ ಅನ್ನುವ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ.

ಜೋಳ ಕಣಕ್ಕೆ ಬಂತು. ಹೊನ್ನವ್ವ ಮೊದಲ ರೊಟ್ಟಿ ಬಡಿದು, ಬಿಸಿಬಿಸಿ ಇರುವಾಗಲೇ ಮೇಲಕ್ಕೆತ್ತಿ ಹಿಡಿದಳು. ಅದರ ಹಬೆಯನ್ನೆಲ್ಲ ಗಾಳಿಯೇ ಉಂಡಿತು.

ಅದಕ್ಕೇ ನೋಡು, ನೀನು ಹಗ್ಗವನ್ನು ಮೆಲ್ಲಗೆ ಬೀಸಿದರೆ ಗಾಳಿ ಸುಮ್ಮನಿರುತ್ತದೆ. ಜೋರಾಗಿ ಬೀಸಿದರೆ ಈ ಪಕ್ಕ ಒಂದು ಸುಳಿ, ಆ ಪಕ್ಕ ಒಂದು ಸುಳಿ ಸುತ್ತಿ ರೊಂಯ್ ಅನ್ನುತ್ತದೆ, ಜೋಳದ ಹೊಲದ ಗಿಳಿಗಳು ಕಲ್ಲಿಲ್ಲದ ಕವಣೆಗೂ ಎದ್ದು ಓಡುತ್ತವೆ.