ಯಾರೂ ಕೇಳದ ದನಿ

ಬಡ ದೇಶಗಳ ಪರವಾಗಿ ಸರ್ಕಾರಗಳಿಗೆ ಸಲಹೆ ಬರೆದುಕೊಡುವ ಸಂಸ್ಥೆಯೊಂದರಲ್ಲಿ ಸುಗುಣಾಬಾಯಿ ಟೈಪಿಸ್ಟ್. ಒಂದು ದಿನ ನಿರ್ದೇಶಕ ನಾಡಿಗರು ಅವಳ ಮೇಜಿನ ಮುಂದೆ ನಿಂತು ಅಬ್ಬರಿಸಿದರು.

"ನಾಳೆ ವಿದೇಶಿ ಅತಿಥಿಗಳ ಸಭೆ ಇದೆ ಕಣ್ರೀ. ಯಾರೂ ಕೇಳಿರದ ದನಿಯೊಂದು ವೇದಿಕೆ ಮೇಲೆ ಬೇಕು. ಸಂಜೆಯೊಳಗೆ ಯಾರನ್ನಾದರೂ ಹುಡುಕಿ, ಇಲ್ಲಾಂದ್ರೆ ಕೆಲಸ ಬಿಡಿ!"

ಐದೇ ನಿಮಿಷಕ್ಕೆ ಸುಗುಣಾಬಾಯಿ ಒಂದು ಹೆಸರು ಟೈಪ್ ಮಾಡಿ ಒಯ್ದಳು.

ನಾಡಿಗರು ಓದಿದರು. "ಈ ಸುಗುಣಾಬಾಯಿ ಅನ್ನೋರು ಯಾರು? ಯಾವ ಹಳ್ಳಿಯವರು?"

"ನಾನೇ ಸಾರ್. ಹನ್ನೊಂದು ವರ್ಷದಿಂದ ನಿಮ್ಮ ಬಾಗಿಲ ಪಕ್ಕದಲ್ಲೇ ಕೂತಿದ್ದೀನಿ."

ನಾಡಿಗರ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವರು ಕುರ್ಚಿ ಎಳೆದುಕೊಟ್ಟರು.

"ಕೂತ್ಕೊಳ್ಳಮ್ಮ. ನಾಳೆ ಏನು ಮಾತಾಡ್ತೀರಿ?"

ಸುಗುಣಾಬಾಯಿ ಕುರ್ಚಿಯ ಅಂಚಿನಲ್ಲಿ ಕೂತಳು.

"ಗೊತ್ತಾಗ್ತಿಲ್ಲ ಸಾರ್. ಮಾತಾಡೋ ಅಭ್ಯಾಸವೇ ತಪ್ಪಿಹೋಗಿದೆ."