ಮಲ್ಲರಸನ ಹಲ್ಲಿನ ಅರ್ಜಿ

ಹರಳುಕೋಟೆಯಲ್ಲಿ ಎಲ್ಲರಿಗಿಂತ ಜಾಣ ಯಾರು ಎಂದು ಕೇಳಿದರೆ, ಕೇಳಿದವರ ಮಾತು ಮುಗಿಯುವ ಮೊದಲೇ ಮಲ್ಲರಸ ತನ್ನ ಹೆಸರು ಹೇಳುತ್ತಿದ್ದ. ದೊರೆ ಗಂಗರಸ ನಾಯಕನ ಆಸ್ಥಾನದಲ್ಲಿ ನಗಿಸುವುದು, ನಗಿಸುತ್ತಲೇ ಬುದ್ಧಿ ಹೇಳುವುದು ಅವನ ಉದ್ಯೋಗ.

ಆರು ವರ್ಷದ ಹಿಂದೆ ಯಾವನೋ ಒಬ್ಬ ಊರಿಗೆ ಬಂದು ಕೂದಲು ಬೆಳೆಸುವ ಎಣ್ಣೆ ಮಾರಿದ್ದ. ಅರ್ಧ ಊರು ಬೋಳಾಯಿತು. ಬೋಳಾದವರಲ್ಲಿ ದೊರೆಯ ಭಾವಮೈದುನನೂ ಒಬ್ಬ. ಇನ್ನು ಇಂಥದ್ದು ನಡೆಯದಂತೆ ಕಟ್ಟಳೆ ಬರೆಯಲು ದೊರೆ ಹೇಳಿದಾಗ ಮಲ್ಲರಸ ಒಂದೇ ಪಟ್ಟಿಗೆ ಕುಳಿತು ಬರೆದ. ಮೈಗೆ ಹಚ್ಚುವುದಾಗಲಿ, ಬಾಯಿಗೆ ಹಾಕುವುದಾಗಲಿ, ಒಂದು ಬಾಧೆಯನ್ನು ಕಳೆಯುವುದೆಲ್ಲ ಔಷಧ. ಔಷಧವನ್ನು ನೂರು ಜನರ ಮೇಲೆ ಹನ್ನೆರಡು ವರ್ಷ ಪರೀಕ್ಷಿಸಬೇಕು. ಬಳಸಿದವರಲ್ಲಿ ಒಬ್ಬರೂ ಸತ್ತಿರಬಾರದು. ಆಮೇಲೆ ಅರಮನೆಯ ಮುದ್ರೆ. ಪರೀಕ್ಷಿಸುವವರು ರಾಜವೈದ್ಯ ನರಹರಿ ಪಂಡಿತರು. ಪಂಡಿತರು ಈಗಾಗಲೇ ಮಾರುತ್ತಿರುವ ಔಷಧಗಳಿಗೆ ಮಾತ್ರ ಪರೀಕ್ಷೆ ಬೇಡ.

"ಇದರೊಳಗಿಂದ ಸೊಳ್ಳೆಯೂ ನುಸುಳಲಾರದು ಪ್ರಭು," ಎಂದು ಮಲ್ಲರಸ ಬೀಗಿದ.

ಸೊಳ್ಳೆ ನುಸುಳಲಿಲ್ಲ, ನಿಜ. ಆದರೆ ಊರಿನಲ್ಲಿ ಹಲ್ಲುಪುಡಿ ಮಾರುತ್ತಿದ್ದ ಏಳು ಅಂಗಡಿಗಳೂ ಮುಚ್ಚಿದವು. ಉಳಿದದ್ದು ಪಂಡಿತರ ಪುಡಿಯೊಂದೇ. ಎದುರಿಗೆ ಬೇರೆ ಪುಡಿ ಇಲ್ಲದ ಮೇಲೆ ಅದನ್ನು ಸುಧಾರಿಸುವ ಗೋಜಿಗೆ ಪಂಡಿತರು ಹೋಗಲಿಲ್ಲ. ಅದರಲ್ಲಿ ಇದ್ದಿಲು ಹೆಚ್ಚಿತು, ಮರಳೂ ಸೇರಿತು. ಮಲ್ಲರಸ ದಿನವೂ ಅದರಿಂದಲೇ ಉಜ್ಜಿದ. ಒಂದೊಂದೇ ಹಲ್ಲು ಕೈಗೆ ಬಂತು.

ಹಲ್ಲಿಲ್ಲದ ಬಾಯಲ್ಲಿ ಹಾಸ್ಯ ನಿಲ್ಲುವುದಿಲ್ಲ. ಅವನು ಬಾಯಿ ತೆರೆದರೆ ಅರ್ಧ ಮಾತು, ಅರ್ಧ ಗಾಳಿ. ಮುಂದಿನ ಸಾಲಿನವರು ಮುಖ ಒರೆಸಿಕೊಳ್ಳುತ್ತಿದ್ದರು. ಕೊನೆಗೆ ದೊರೆ, ಹುಣ್ಣಿಮೆಯೊಳಗೆ ಮಾತು ಸರಿಯಾಗದಿದ್ದರೆ ನಿನ್ನ ಪೀಠ ಬೇರೆಯವರಿಗೆ ಎಂದುಬಿಟ್ಟ. ಮಾತು ಬಿಟ್ಟರೆ ತನಗೆ ಇನ್ನಾವ ಕೆಲಸವೂ ಬಾರದೆಂಬುದು ಅರುವತ್ತೆರಡನೆಯ ವಯಸ್ಸಿನಲ್ಲಿ ಮಲ್ಲರಸನಿಗೆ ಮೊದಲ ಬಾರಿ ಹೊಳೆಯಿತು.

ಪೇಟೆಯಲ್ಲಿ ಮರದ ಬಾಚಣಿಗೆ ಕೊರೆಯುವ ಗೌರಕ್ಕ ಎಂಬವಳಿದ್ದಳು. ಅವಳು ಬಿಳಿಯ ಹಾಲೆಮರದಲ್ಲಿ ಅವನ ದವಡೆಗೆ ಹೊಂದುವಂತೆ ಎರಡು ಸಾಲು ಹಲ್ಲು ಕೊರೆದಳು. ಮಲ್ಲರಸ ಹಾಕಿಕೊಂಡು ಹುರಿಗಡಲೆ ಕಡಿದ. ತನ್ನ ಹೆಸರನ್ನು ನಾಲ್ಕು ಸಲ ಹೇಳಿ ತಾನೇ ಕೇಳಿಸಿಕೊಂಡ. ಹಾಗೇ ಎದ್ದು ಹೊರಟವನನ್ನು ಗೌರಕ್ಕ ತಡೆದು, ಹಲ್ಲು ತೆಗೆಸಿ ಪೆಟ್ಟಿಗೆಯಲ್ಲಿಟ್ಟಳು.

"ಇದೂ ಬಾಯಿಗೆ ಹಾಕುವುದೇ. ಮುದ್ರೆ ಇಲ್ಲದೆ ಹೊರಗೆ ಹೋದರೆ ನನ್ನ ಅಂಗಡಿಗೆ ಬೀಗ ಬೀಳುತ್ತದೆ ಸ್ವಾಮಿ. ಆರು ವರ್ಷದ ಹಿಂದೆಯೇ ಇಂಥದ್ದೊಂದು ಜೊತೆ ಮಾಡಿದ್ದೆ. ನಿಮ್ಮ ಕಟ್ಟಳೆಯ ಡಂಗುರ ಕೇಳಿ ಬಚ್ಚಲೊಲೆಗೆ ಹಾಕಿದೆ. ಅವತ್ತು ನೀರು ಚೆನ್ನಾಗಿ ಕಾದಿತ್ತು."

ಮಲ್ಲರಸ ಮನೆಗೆ ಹೋಗಿ ಕಟ್ಟಳೆಯಲ್ಲಿ ತೂತು ಹುಡುಕಿದ. ಮೊದಲ ಸಲ ಓದಿ, ಎಷ್ಟು ಚೆನ್ನಾಗಿ ಬರೆದಿದ್ದೇನೆ ಎಂದು ಮೆಚ್ಚಿಕೊಂಡ. ಎರಡನೆಯ ಸಲವೂ ಮೆಚ್ಚಿಕೊಂಡ. ಮೂರನೆಯ ಸಲ ತನ್ನನ್ನೇ ಬೈದುಕೊಂಡು, ಮರದ ಹಲ್ಲಿಗೆ ಮುದ್ರೆ ಬೇಡಿ ಅರ್ಜಿ ಬರೆದ.

ಮರುದಿನ ಸಭೆಯಲ್ಲಿ ಪಂಡಿತರು ಅರ್ಜಿ ನೋಡಿ, ನಿಮ್ಮದೇ ಕಟ್ಟಳೆಯಂತೆ ಹನ್ನೆರಡು ವರ್ಷ ಕಾಯಿರಿ, ಅಲ್ಲಿಯವರೆಗೆ ನಮ್ಮ ಪುಡಿ ಬಳಸಿ ಎಂದರು. ಅದರಿಂದ ಏನನ್ನು ಉಜ್ಜಬೇಕೆಂದು ಹೇಳಲಿಲ್ಲ.

ಮಲ್ಲರಸ ಕೈಮುಗಿದ. ಕಟ್ಟಳೆಯ ಒಂದು ಅಕ್ಷರವನ್ನೂ ಯಾರಿಗೂ ಸಡಿಲಿಸಬಾರದು, ಅಲ್ಲವೇ ಎಂದು ಕೇಳಿದ. ಪಂಡಿತರು ಹಿಗ್ಗಿ ಹೌದೆಂದರು. ದೊರೆಯೂ ಹೌದೆಂದ. ಹಲ್ಲಿಲ್ಲದ್ದರಿಂದ ಮಲ್ಲರಸ ಪ್ರತಿ ಮಾತನ್ನೂ ಎರಡೆರಡು ಸಲ ಹೇಳಬೇಕಾಯಿತು. ಇಲ್ಲಿ ಒಂದೇ ಸಲ ಬರೆದಿದೆ.

ಮಧ್ಯಾಹ್ನ ದೊರೆ ಊಟಕ್ಕೆಂದು ಎದ್ದಾಗ, ಮಲ್ಲರಸ ಕಟ್ಟಳೆಯ ಓಲೆ ಹಿಡಿದು ಊಟದ ಮನೆಯ ಬಾಗಿಲಿಗೆ ಅಡ್ಡ ನಿಂತಿದ್ದ.

"ಪ್ರಭು, ಹಸಿವು ಒಂದು ಬಾಧೆಯೇ?"

"ಈ ಹೊತ್ತಿನಲ್ಲಂತೂ ಅದಕ್ಕಿಂತ ದೊಡ್ಡ ಬಾಧೆ ಇಲ್ಲ."

"ಅದನ್ನು ಕಳೆಯಲು ಅನ್ನವನ್ನು ಬಾಯಿಗೆ ಹಾಕುತ್ತೀರಿ. ಹಾಗಾದರೆ ಅನ್ನ ಔಷಧ. ಅದಕ್ಕೆ ಮುದ್ರೆ ಬಿದ್ದಿಲ್ಲ."

ಒಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಪಂಡಿತರು ರೇಗಿದರು. ಮಲ್ಲರಸ ವಿನಯದಿಂದ, ಪರೀಕ್ಷೆಯ ವಿನಾಯಿತಿ ಇರುವುದು ಪಂಡಿತರು ಮಾರುವ ವಸ್ತುಗಳಿಗೆ ಮಾತ್ರ, ಪಂಡಿತರು ಅನ್ನವನ್ನೂ ಮಾರುತ್ತಾರೆಯೇ ಎಂದು ವಿಚಾರಿಸಿದ.

"ಅನ್ನದ ಪರೀಕ್ಷೆ ಎಂದೋ ಆಗಿಹೋಗಿದೆಯಯ್ಯಾ," ಎಂದರು ಪಂಡಿತರು. "ನೂರು ಜನ ಯಾಕೆ, ಇಡೀ ಊರೇ ನೂರು ವರ್ಷದಿಂದ ಉಣ್ಣುತ್ತಿದೆ."

"ನನಗಿರುವ ಭಯವೂ ಅದೇ ಪಂಡಿತರೇ. ನೂರು ವರ್ಷದ ಹಿಂದೆ ಈ ಊರಿನಲ್ಲಿ ಅನ್ನ ಉಂಡವರಲ್ಲಿ ಒಬ್ಬರನ್ನಾದರೂ ತೋರಿಸಿ. ಎಲ್ಲರೂ ಸತ್ತಿದ್ದಾರೆ."

ದೊರೆಗೆ ನಗು ಬಂತು. ಹಸಿದ ಹೊಟ್ಟೆ ನಗಲು ಬಿಡಲಿಲ್ಲ. ಬಾಗಿಲು ಬಿಡಬೇಕಾದರೆ ಏನು ಮಾಡಬೇಕು ಹೇಳು ಎಂದ.

"ಕಟ್ಟಳೆ ಬೇಡವೆನ್ನುತ್ತಿಲ್ಲ ಪ್ರಭು. ಹೋದ ಕೂದಲು ಮರಳಿ ಬರುವುದಿಲ್ಲ. ಅಂಥ ಹಾನಿ ಮಾಡಬಲ್ಲದ್ದನ್ನು ವರ್ಷಗಟ್ಟಲೆ ನೋಡಿ. ಒಗ್ಗದಿದ್ದರೆ ಉಗುಳಿಬಿಡಬಹುದಾದ್ದಕ್ಕೆ ಹನ್ನೆರಡು ದಿನ ಸಾಕು. ಪುಡಿ ಮಾರುವವರನ್ನು ಹಲ್ಲಿನ ಪರೀಕ್ಷೆಗೆ ಕೂರಿಸಬೇಡಿ. ಹಳೆಯ ಔಷಧಗಳಿಗೂ ಪರೀಕ್ಷೆ ಇರಲಿ; ಪಂಡಿತರ ಪುಡಿಯಿಂದಲೇ ಶುರುವಾಗಲಿ."

ಭಾವಮೈದುನ ತಲೆ ಸವರಿಕೊಂಡು ತಲೆಯಾಡಿಸಿದ. ದೊರೆ ನಿಂತಲ್ಲೇ ಹಾಗೆಂದು ಅಪ್ಪಣೆ ಬರೆಸಿ, ಅನ್ನ ಔಷಧವಲ್ಲ ಎಂಬ ಸಾಲನ್ನು ತಾನೇ ಸೇರಿಸಿದ.

ಗೌರಕ್ಕ ಪೆಟ್ಟಿಗೆಯೊಡನೆ ಬಂದಳು. ಪರೀಕ್ಷೆಯ ಮೊದಲ ದಿನ ಅಂದೇ ಎಂದಾಯಿತು. ಮಲ್ಲರಸ ದೊರೆಯ ಪಕ್ಕದ ಎಲೆಗೆ ಕುಳಿತು, ಹಲ್ಲು ಹಾಕಿಕೊಂಡು, ಹಪ್ಪಳವನ್ನು ಸಭೆಗೆಲ್ಲ ಕೇಳುವಂತೆ ಕಡಿದ. ಹೊಟ್ಟೆ ತುಂಬಿದ ಮೇಲೆ ದೊರೆ ತಡೆದಿಟ್ಟಿದ್ದ ನಗುವನ್ನೆಲ್ಲ ನಕ್ಕು, ಗೌರಕ್ಕನಿಗೆ ಸೀರೆ ಕೊಡಿಸಿ, ಪೀಠ ನಿನ್ನದೇ ಎಂದು ಮಲ್ಲರಸನಿಗೆ ಹೇಳಿದ. ಆಮೇಲೆ ಕೇಳಿದ:

"ಒಂದು ಸಂಶಯ ಮಲ್ಲರಸ. ಇಷ್ಟು ಬುದ್ಧಿಯಿರುವ ನೀನು ಅಂಥ ಕಟ್ಟಳೆಯನ್ನು ಬರೆದದ್ದಾದರೂ ಹೇಗೆ?"

ಮಲ್ಲರಸ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದ.

"ಆಗ ನನ್ನ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು ಪ್ರಭು."